ನೂರಕ್ಕೆ ಅರವತ್ತೊಂದು

ವಿಸ್ಕಾನ್ಸಿನ್, ಶಾವಾನೋ ಊರಿನಾಚೆ,
ಹೋರಿ ಕೇಂದ್ರದ ಹಿಂದಿನ ಕೋಣೆ.
ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ, ಮೂಗಿನ ಕೂದಲೂ ಗಾಜು.
ತೊಟ್ಟಿಯೊಳಗೆ ಅದರ ಹತ್ತುಪಟ್ಟು ಚಳಿ.
ಹೊಗೆಯಾಡುವ ಸಾರಜನಕದಿಂದ
ಚಿಮಟದಲ್ಲಿ ಎತ್ತಿದೆ ಒಂದು ಕಡ್ಡಿ,
ಬಾಲ್‌ಪೆನ್ನಿನ ರೀಫಿಲ್ಲಿನಷ್ಟು; ಅದರಲ್ಲಿ ಎರಡು ಕೋಟಿ ವೀರ್ಯಕಣ.
ಮೈಮೇಲೆ ಅಚ್ಚಾದ ಹೆಸರು: ಟಿಂಬರ್.

ಟಿಂಬರ್ ಸತ್ತು ಬರುವ ಏಪ್ರಿಲ್ಲಿಗೆ ಮೂರು ವರ್ಷ.

ಬೆಚ್ಚನೆ ನೀರಲ್ಲಿ ನಲವತ್ತೈದು ಎಣಿಸುವಷ್ಟು ಹೊತ್ತು.
ಕತ್ತರಿ. ಒಂದು ಹನಿ. ಎರಡು ಬಣ್ಣ.
ದೀಪ ಆರಿಸಿ ಕಾಯಬೇಕು,
ಈ ಬಣ್ಣಗಳಿಗೆ ಬೆಳಕೆಂದರೆ ಸವೆತ.

ಹಸಿರಿಗೆ ಮುಲಾಜಿಲ್ಲ, ಎಲ್ಲರ ಮನೆಗೂ ನುಗ್ಗಿ
ಡಿಎನ್‌ಎಯ ಎರಡೆಳೆ ನೂಲಿಗೆ ಅಂಟಿ ಬೆಳಗುತ್ತದೆ.
ಕೆಂಪು ಹಾಗಲ್ಲ.
ಕದ ಭದ್ರವಿದ್ದರೆ ಹೊಸ್ತಿಲಿಂದಲೇ ವಾಪಸು.
ಕದ ಮುರಿದ ಮನೆಗೆ ಮಾತ್ರ ಹೋಗಿ
ಹಸಿರನ್ನು ಎಬ್ಬಿಸಿ, ಅದೇ ಮಣೆಯ ಮೇಲೆ ಕೂರುತ್ತದೆ.

ನಮ್ಮಲ್ಲಿ ಕೆಂಪೆಂದರೆ ಹಣೆಯದು, ಆರತಿ ತಟ್ಟೆಯದು.
ಇಲ್ಲಿ ಸಾವಿನ ಲೆಕ್ಕ ಬರೆಯುವ ಶಾಯಿ.
ಹನ್ನೊಂದು ವರ್ಷವಾದರೂ ಕಣ್ಣಿಗೆ ಪೂರ್ತಿ ಒಗ್ಗಿಲ್ಲ.
ಒಂದು ಮಾತ್ರ ಕಲಿತೆ:
ಬಾಗಿಲಿಗೆ ಬಂದವನಿಗೆ 'ಮುಂದೆ ಹೋಗಪ್ಪ' ಎನ್ನುವಷ್ಟು ದಿನ
ಬದುಕಿದೆ ಎಂದು ಲೆಕ್ಕ.

ವರ್ಲಿನ್ ಕ್ರೂಗರ್ ಬಂದ, ಬೂಟಿನ ಹಿಮ ಒದರಿ.
ಒಂಬತ್ತು ವರ್ಷ ಟಿಂಬರಿನ ಮೂಗುದಾರ ಹಿಡಿದವನು,
ಎಡಗೈಯ ಎರಡು ಬೆರಳು ಅದೇ ಹೋರಿಗೆ ಕೊಟ್ಟವನು.
'ನೋಡಲಾ?' ಎಂದ. ಸರಿದು ಕೂತೆ.
ತುಂಬಾ ಹೊತ್ತು ಮಸೂರದಿಂದ ಕಣ್ಣೆತ್ತಲಿಲ್ಲ.
ಆಮೇಲೆ ಸಣ್ಣ ದನಿಯಲ್ಲಿ,
'ಇದರಲ್ಲಿ ಯಾವುದು ಯಾವುದು?'

ಮರೆತಿದ್ದೆ. ಹುಟ್ಟಿನಿಂದಲೇ ಅವನಿಗೆ
ಕೆಂಪೂ ಹಸಿರೂ ಒಂದೇ ಮಣ್ಣು.
ಮೇಲಿನ ದೀಪ, ಕೆಳಗಿನ ದೀಪ ಎಂದು ನೋಡಿಯೇ
ಸಿಗ್ನಲ್ಲಿನಲ್ಲಿ ಟ್ರಕ್ಕು ನಿಲ್ಲಿಸುತ್ತಾನೆ.
ಇಲ್ಲಿ ಮೇಲಿಲ್ಲ, ಕೆಳಗಿಲ್ಲ,
ಕತ್ತಲಲ್ಲಿ ಚೆಲ್ಲಿದ ಜೀರಿಗೆ ಅಷ್ಟೆ.

ಮತ್ತೆ ನಾನೇ ಕೂತೆ.
ಮನಸ್ಸಿನಲ್ಲಿ ಎಣಿಸುವುದನ್ನು ಬಾಯಿಬಿಟ್ಟು ಎಣಿಸಿದೆ,
ಎಣಿಕೆ ನನಗೆ ಬರುವುದು ಕನ್ನಡದಲ್ಲೇ:
ಇದೆ. ಇದೆ. ಇಲ್ಲ. ಇದೆ.
ಇಲ್ಲ. ಇಲ್ಲ. ಇದೆ.
ಬೆರಳಡಿ ಕ್ಲಿಕ್ಕರು ಟಕಟಕ.
ಮೂವತ್ತು ದಾಟುವ ಹೊತ್ತಿಗೆ ಅವನಿಗೆ
ಅರ್ಥವಾಗಿಬಿಟ್ಟಿತ್ತು; ಒಂದು ಮಾತಿಗೆ ತಲೆ ಆಡಿಸುತ್ತಿದ್ದ,
ಇನ್ನೊಂದಕ್ಕೆ ಟೋಪಿಯ ಅಂಚು ತಿರುವುತ್ತಿದ್ದ.

ಇನ್ನೂರರಲ್ಲಿ ನೂರಿಪ್ಪತ್ತೆರಡು.
ನೂರಕ್ಕೆ ಅರವತ್ತೊಂದು ಎಂದು ಪುಸ್ತಕದಲ್ಲಿ ಬರೆದೆ.
ಹೋಗುತ್ತ ತೊಟ್ಟಿಯ ಮುಚ್ಚಳವನ್ನೊಮ್ಮೆ ತಟ್ಟಿ
'ಇದೆ' ಎಂದ ವರ್ಲಿನ್, ದಕಾರ ತುಸು ಒರಟು.

ಎಣಿಸಿ ಮುಗಿದ ಹನಿಯನ್ನು ಬ್ಲೀಚಿಗೆ ಹಾಕಬೇಕು, ನಿಯಮ.
ಹಾಕಿದೆ.
ಉಳಿದಿದ್ದ ಕದಗಳೂ ತೆರೆದುಕೊಂಡವು.