ಕೂಡಿಸಬೇಕಾದ ಎರಡೂವರೆ

ಟೆಲೆಕ್ಸು ಬಂತು ಮ್ಟ್ವಾರದಿಂದ,
ನಾಲಿಗೆಗೆ ಹತ್ತದ ಊರು:
ಗೇರುಬೀಜ ಹೇರಿದೆ, ಮಂಗಳವಾರ ಸಂಜೆ
ಆರಕ್ಕೆ ಹಗ್ಗ ಬಿಚ್ಚಿದೆ.
ಆರು ಅಂದರೆ ಅವರ ಆರು.
ಬಂದರಿನ ನಮ್ಮ ಓಣಿಯಲ್ಲಿ ಅಷ್ಟು ಹೊತ್ತಿಗೆ
ಒಣಮೀನಿನಂಗಡಿಯವ ಹಲಗೆ ಜೋಡಿಸಿ
ಬೀಗ ಎಳೆದು ನೋಡಿ ಹೋಗಿಯಾಗಿತ್ತು.

ಎರಡು ಸಾವಿರದ ನಾನೂರ ತೊಂಬತ್ತು ಮೈಲಿ,
ಗಂಟೆಗೆ ಹನ್ನೆರಡು ಗಂಟು.
ಭಾಗಿಸಿದೆ ಹಳೇ ಕ್ಯಾಲೆಂಡರಿನ ಬೆನ್ನಿನಲ್ಲಿ:
ಎಂಟು ದಿನ, ಮೇಲೆ ಹದಿನೈದೂವರೆ ತಾಸು.
ಇನ್ನು ಉಳಿದದ್ದು ಎರಡೂವರೆ,
ಅವರ ಗಡಿಯಾರಕ್ಕೂ ನಮ್ಮದಕ್ಕೂ ನಡುವಿನ ನೀರು.
ಇಪ್ಪತ್ತೆರಡರ ಹುಡುಗ ನಾನು, ಕೆಲಸಕ್ಕೆ ಸೇರಿ ಹನ್ನೊಂದು ದಿನ.
ಕಳೆದುಬಿಟ್ಟೆ.

ಗುರುವಾರ ಏಳಕ್ಕೆ ಪಣಂಬೂರಿನ ಗೇಟಿನಲ್ಲಿ
ಹದಿನೆಂಟು ಜನ, ಬುತ್ತಿ ಕೈಯಲ್ಲಿ,
ಮುಂದೆ ಮೇಸ್ತ್ರಿ ದೂಮಪ್ಪ ಕರ್ಕೇರ.
ನಾಲ್ಕನೇ ಬರ್ತಿನಲ್ಲಿ ಒಂದು ಕಾಗೆ,
ಅದರಾಚೆ ಸಮುದ್ರ,
ಅದರಾಚೆಯೂ ಸಮುದ್ರವೇ.

ಇದ್ದಿನಬ್ಬ ಬ್ಯಾರಿ ಆಫೀಸಿನಿಂದ ಸೈಕಲಿನಲ್ಲಿ ಬಂದವರು
ನನ್ನ ಚೀಟಿ ಇಸಕೊಂಡು, ಕನ್ನಡಕ ಹಣೆಗೇರಿಸಿ ನೋಡಿ,
ಬೈಯಲಿಲ್ಲ. ಹೇಳಿದರು:
"ಸೂರ್ಯ ಮೊದಲು ನಮ್ಮಲ್ಲಿ ಹುಟ್ಟುತ್ತಾನಲ್ಲ?
ಮೊದಲು ಹುಟ್ಟಿದವನಿಗೆ ವಯಸ್ಸು ಜಾಸ್ತಿ.
ಕೂಡಿಸಬೇಕು ಮಗಾ."
ಕೂಡಿಸಿದೆ. ಹಡಗು ನಡುಮಧ್ಯಾಹ್ನಕ್ಕೆ ಸರಿಯಿತು.

ಕ್ರೇನಿನ ನೆರಳು ಗಿಡ್ಡವಾಗುತ್ತ ಬಂತು,
ಅದರ ಜೊತೆ ಸರಿಯುತ್ತ ಕೂತರು ಅವರೂ.
ಒಬ್ಬ ಚಪ್ಪಲಿಯ ಬಾರು ಹೊಲಿದ.
ಇನ್ನೊಬ್ಬ ಗೋಣಿಯ ಮೇಲೆ ಬಾಯಿ ತೆರೆದು ನಿದ್ದೆ.
ಹತ್ತಕ್ಕೇ ಬುತ್ತಿ ಬಿಚ್ಚಿದರು; ಕುಚ್ಚಲಕ್ಕಿ ಗಂಜಿ, ಸೊಟ್ಟೆ ಮಾವಿನಮಿಡಿ.
ನನಗೂ ಒಂದು ಮುಚ್ಚಳ.
"ಎಂತ ಲೆಕ್ಕ ಮಾರಾಯಾ ನಿಂದು," ಅಂದ ದೂಮಪ್ಪ,
ಪಡುವಣಕ್ಕೆ ಕಣ್ಣು ಕಿರಿದು ಮಾಡಿ.
"ಅಗೋ ಹೊಗೆ. ಇನ್ನೆರಡು ಬೀಡಿ ದೂರ."

ಹನ್ನೆರಡೂ ಆರು ನಿಮಿಷಕ್ಕೆ ಬಂತು ಹಡಗು.
ಅದರ ಗೋಡೆಗಡಿಯಾರದಲ್ಲಿ
ದಾರಿಯುದ್ದಕ್ಕೂ ರಾತ್ರಿರಾತ್ರಿ ಮುಳ್ಳು ಮುಂದೆ ತಳ್ಳಿ
ನಿದ್ದೆ ಕಳಕೊಂಡವರು ಕಂಬಿಗೆ ಒರಗಿ ನಿಂತಿದ್ದರು.

ಮಸ್ಟರಿನಲ್ಲಿ ಬರೆದೆ: ಕೆಲಸ ಶುರು, ಹನ್ನೆರಡೂವರೆ.
ಕೂಲಿ ಅಲ್ಲಿಂದಲೇ. ಅದು ಕಾನೂನು.

ನಿವೃತ್ತಿಯ ಹಾರದ ಹೂವೂ ಬಾಡಿತು ಈಗ.
ಕೆಲವು ರಾತ್ರಿ ಆ ಚೀಟಿಯನ್ನೇ ಮತ್ತೆ ಮಾಡುತ್ತೇನೆ:
ಹದಿನೆಂಟು ಜನ, ತಲೆಗೆ ಐದು ಗಂಟೆ, ತೊಂಬತ್ತು.
ಗಂಟೆಗೆ ಹನ್ನೆರಡು ಗಂಟಿನಂತೆ
ಸಾವಿರದ ಎಂಬತ್ತು ಮೈಲಿ
ಕ್ರೇನಿನ ನೆರಳಲ್ಲಿ ಕೂತಲ್ಲೇ
ಹೋಗಿಬಂದಿದ್ದರು ಅವರು.