ಇಪ್ಪತ್ತನಾಲ್ಕನೆಯ ನಮೂದು

ನಿವೃತ್ತಿಯ ಸಮಾರಂಭಕ್ಕೆ ಪಟ್ಟಿ ಬೇಕಂತೆ.
ಸೆಗೆಡ್‌ನ ಈ ಸಂಸ್ಥೆಯ ಗ್ರಂಥಪಾಲಕಿ ನಾನು,
ಮೂರು ದಿನದಿಂದ ಟೈಪು ಮಾಡುತ್ತಿದ್ದೇನೆ:
ವೆರೇಬ್ ಪಿರೊಷ್ಕಾ, ಪ್ರಕಟಣೆಗಳು, ಒಟ್ಟು ನೂರ ಹನ್ನೆರಡು.
ನಮ್ಮಲ್ಲಿ ಮನೆತನ ಮುಂದೆ, ಕರೆಯುವ ಹೆಸರು ಹಿಂದೆ;
ವೆರೇಬ್ ಅಂದರೆ ಗುಬ್ಬಿ.
ನೂರ ಹನ್ನೆರಡು ಕಾಳು ಹೆಕ್ಕಿದ ಗುಬ್ಬಿ ಎಂದು
ಡೀನ್ ಭಾಷಣದಲ್ಲಿ ಹೇಳಿಯೇ ಹೇಳುತ್ತಾರೆ, ನೋಡುತ್ತಿರಿ.

ಮೊದಲ ಹತ್ತು ಬರೀ ಇಲಿ.
ಎಳೆ ಇಲಿ, ಮುದಿ ಇಲಿ,
ಮುದಿ ಇಲಿಯ ಹಣೆಯ ಹಿಂದಿನ ತೊಗಟೆ, ಅದರ ಮೂರನೆಯ ಪದರ.
ಶೀರ್ಷಿಕೆಗಳು ಉದ್ದುದ್ದ, ಗೂಡ್ಸ್ ರೈಲಿನ ಹಾಗೆ,
ಕೊನೆಯ ಡಬ್ಬಿಯಲ್ಲಿ ಮಾತ್ರ ಸರಕು.

ಹೆಸರು ತಂದದ್ದು ಇಪ್ಪತ್ತಮೂರು.
ವಯಸ್ಸಾದಂತೆ ನರಕೋಶ ಸಾಯುತ್ತದೆ, ನೂರಕ್ಕೆ ಇಪ್ಪತ್ತೆರಡು.
ಎಣಿಸಿದವನು ಬೊಜೋಕಿ ಗೆಲ್ಲೇರ್ತ್, ಪ್ರಯೋಗಾಲಯದ ಸಹಾಯಕ:
ಎಡಗೈಯಲ್ಲಿ ಟಿಕ್ ಟಿಕ್ ಎನ್ನುವ ಎಣಿಕೆ ಯಂತ್ರ,
ಬಲಗೈ ಸೂಕ್ಷ್ಮದರ್ಶಕದ ತಿರುಪಿನ ಮೇಲೆ,
ಎರಡು ಚಳಿಗಾಲ.
ಪತ್ರಿಕೆಯವರು ಬಂದರು, ಫೋಟೋ ಹಿಡಿದರು.
ಅರವತ್ತಕ್ಕೆ ಅರಳುಮರಳು ಎಂಬುದಕ್ಕೆ
ಕೊನೆಗೂ ಒಂದು ಅಂಕಿ ಸಿಕ್ಕಿತೆಂದು ಊರೆಲ್ಲ ಒಪ್ಪಿತು;
ನಮ್ಮಜ್ಜಿ ಕೂಡ, ಕನ್ನಡಕ ಹುಡುಕುತ್ತ.

ಇಪ್ಪತ್ತನಾಲ್ಕು: ಅರ್ಧ ಪುಟ.
ಶೀರ್ಷಿಕೆ, ‘ತಿದ್ದುಪಡಿ’.

ಆ ರಾತ್ರಿಯ ಕಥೆ ಗೆಲ್ಲೇರ್ತ್ ನನಗೆ ಹೇಳಿದ್ದ,
ಇಲ್ಲೇ, ಹೀಟರಿಗೆ ಬೆನ್ನು ಕೊಟ್ಟು.
ಬಾಟಲಿಗಳನ್ನು ಸಾಲಾಗಿಟ್ಟು ಅವಳು
ಮಿದುಳಿನ ಚೂರುಗಳನ್ನು ಸ್ಕೇಲಿನಲ್ಲಿ ಅಳೆಯುತ್ತಿದ್ದಳಂತೆ,
ಮದ್ಯಸಾರಕ್ಕೆ ಹಾಕುವ ಮುನ್ನ, ತೆಗೆದ ಮೇಲೆ.
ಎಳೆಯದು ಹೆಚ್ಚು ಕುಗ್ಗುತ್ತದೆ.
ಮುದಿಯದು ಅಷ್ಟಾಗಿ ಕುಗ್ಗುವುದಿಲ್ಲ.
ಕುಗ್ಗಿದ್ದರಲ್ಲಿ ಕೋಶಗಳು ಒತ್ತೊತ್ತು, ಬೆಳಗಿನ ಟ್ರಾಮಿನ ಹಾಗೆ;
ಕುಗ್ಗದ್ದರಲ್ಲಿ ಬಿಡಿಬಿಡಿ.
ಅಷ್ಟೇ.
ಸತ್ತವರು ಯಾರೂ ಇರಲಿಲ್ಲ.
ತನ್ನ ಅಳತೆ ಬಿಟ್ಟುಕೊಡದೆ ನಿಂತದ್ದನ್ನೇ
ನಷ್ಟದ ಕಡೆ ಬರೆದಿದ್ದರು.

“ಮತ್ತೆ ಎಣಿಸಬೇಕು, ಗೆಲ್ಲೇರ್ತ್.”
“ಎಲ್ಲಾ?”
“ಎಲ್ಲಾ.”
ತೊಟ್ಟಿದ್ದ ಕೋಟನ್ನು ಅವನು ಮತ್ತೆ ಗೂಟಕ್ಕೆ ಹಾಕಿದ,
ಹೆಂಡತಿಗೆ ಫೋನು ಮಾಡಿ
ಮೀನಿನ ಸಾರು ಒಲೆಯಿಂದ ಇಳಿಸೆಂದ.

ಇಪ್ಪತ್ತನಾಲ್ಕರ ಕೆಳಗೆ ಇಪ್ಪತ್ತೈದು.
ನಡುವೆ ಐದು ವರ್ಷ. ಅನುದಾನ ನಿಂತದ್ದು,
ಬುಡಾಪೆಸ್ಟಿನ ಸಭೆಯಲ್ಲಿ ಯಾರೋ ನಕ್ಕದ್ದು,
ತಿಸಾ ನದಿಯ ದಂಡೆಯಲ್ಲಿ ಅವಳೊಬ್ಬಳೇ ಸೈಕಲ್ ತಳ್ಳಿಕೊಂಡು ಹೋದದ್ದು,
ಪಟ್ಟಿಯಲ್ಲಿ ಒಂದು ಸಾಲಿನ ಬಿಳಿ.

ಆಮೇಲೆ ಅವಳ ಶೀರ್ಷಿಕೆಗಳಲ್ಲಿ ಪ್ರಶ್ನೆಯ ಗುರುತು ಬಂತು.
ಮುಂಚೆ ಒಂದೂ ಇರಲಿಲ್ಲ, ಈಗ ಹನ್ನೊಂದು.
ಕೋಶ ಉಳಿದರೆ ಕಳೆಯುವುದೇನು?
ಕೊಂಬೆಯೋ, ಕೊಂಬೆಯ ಮೇಲಿನ ಮುಳ್ಳೋ?
ಕೋಶ ಕೋಶಕ್ಕೆ ಕಿವಿಗೊಡುವ ಆ ಪುಟ್ಟ ಮುಳ್ಳುಗಳಲ್ಲಿ
ಸಣಕಲು ಉದುರುತ್ತವೆ, ದಪ್ಪನೆಯವು ನಿಲ್ಲುತ್ತವೆ.
ನಿನ್ನೆ ಪರಿಚಯವಾದವನ ಹೆಸರು ಸಣಕಲಿಗೆ,
ಮೊದಲ ಶಾಲೆಯ ಗೇಟಿನ ಹಸಿರು ದಪ್ಪದ್ದಕ್ಕೆ
ಎಂದು ಹೇಳಬಹುದೇ?
ಬರೆದು, ಹೊಡೆದುಹಾಕಿ,
ಮತ್ತೆ ಪೆನ್ಸಿಲಿನಲ್ಲಿ ಬರೆದ ಕರಡು ನನ್ನ ಬಳಿ ಇದೆ.

ಇವತ್ತು ಡೀನ್ ಕಚೇರಿಯಿಂದ ಚೀಟಿ:
ತಿದ್ದುಪಡಿ ಪ್ರಕಟಣೆಯಲ್ಲ, ದಯವಿಟ್ಟು ತೆಗೆಯಿರಿ.
ಅವಳಿಗೆ ಫೋನು ಮಾಡಿದೆ.
ಅಡುಗೆಮನೆಯಲ್ಲಿ ಹುಳಿಚೆರ್ರಿಯ ಬೀಜ ತೆಗೆಯುತ್ತಿದ್ದಳು,
ಆ ಯಂತ್ರದ ಸದ್ದು ಕೇಳುತ್ತಿತ್ತು, ಟಿಕ್, ಟಿಕ್.
“ಗೆಲ್ಲೇರ್ತನ ಹೆಸರು ಅಚ್ಚಾದದ್ದು ಅದೊಂದರಲ್ಲೇ,” ಅಂದಳು.
“ಮೊದಲ ಹೆಸರು. ನನ್ನದು ಎರಡನೆಯದು.
ಒಂದು ತೆಗೆಯಲೇಬೇಕಿದ್ದರೆ ಇಪ್ಪತ್ತಮೂರು ತೆಗಿ.”
ಟಿಕ್.

ಎರಡನ್ನೂ ಬಿಟ್ಟಿದ್ದೇನೆ.
ತಪ್ಪಿನ ಕೆಳಗೇ ಅದರ ಅರ್ಧ ಪುಟ.
ಒಟ್ಟು ನೂರ ಹನ್ನೆರಡು.
ಎರಡು ಸಲ ಎಣಿಸಿದೆ.