ನಲವತ್ಮೂರನೇ ಚಾನೆಲ್ಲು

ಕೋತಿ ಕೂತದ್ದೇ ಕಾರಣ.
ಭದ್ರಾವತಿ ಹಳೇನಗರ, ಸೈಕಲ್ ಶಾಪಿನ ಮೇಲೆ
ನಮ್ಮ ಕೇಬಲ್ ಆಫೀಸು, ಅದರ ಮೇಲೆ ಹನ್ನೆರಡಡಿ ಡಿಶ್ಶು,
ಡಿಶ್ಶಿನ ಅಂಚಿಗೆ ಒಂದು ಗಡವ.
ಏಳನೇ ಓವರಿನಲ್ಲಿ ಕ್ರಿಕೆಟ್ಟು ಹೋಯಿತು.
ಫೋನಿನೊಳಗೆ ಇಡೀ ಊರು ಬೈಯುತ್ತಿತ್ತು,
ನಾನು ಟಾರ್ಚು ಹಲ್ಲಲ್ಲಿ ಕಚ್ಚಿ
ಕತ್ತಲಲ್ಲಿ ನಟ್ಟು ತಿರುಪುತ್ತಿದ್ದೆ,
ಆಕಾಶವನ್ನು ಒಂದೊಂದೇ ಕೂದಲೆಳೆ ಸರಿಸುತ್ತ.

ಕೆಳಗಿಂದ ಧಣಿ ವಿರೂಪಣ್ಣ: "ಬಂತು, ಬಂತು...
ಥೂ, ಇದ್ಯಾವುದೋ ಬೇರೆ."

ನೀಲಿ ಕೋಟಿನವನೊಬ್ಬ, ಬೆನ್ನಿಗೆ ನಕಾಶೆ.
ಗೂಟ ಹೊಡೆದು ಒಣಗಲು ಹಾಕಿದ ತೊಗಲಿನಂಥ ದೇಶ,
ಅದರ ಮೇಲೆ ಪುಟ್ಟ ಪುಟ್ಟ ಸೂರ್ಯ.
ಮಾತೋ, ಡಬ್ಬಿಯಲ್ಲಿ ಕಲ್ಲುಸಕ್ಕರೆ ಅಲ್ಲಾಡಿಸಿದ ಹಾಗೆ.
ಖಾಲಿ ಬಿದ್ದಿದ್ದ ನಲವತ್ಮೂರಕ್ಕೆ ಕಟ್ಟಿದೆವು,
ದಾರಿ ತಪ್ಪಿ ಬಂದ ಕರುವನ್ನು
ಬೆಳಗಾಗುವ ತನಕ ಕಟ್ಟುವ ಹಾಗೆ.
ಸ್ಪೇನಿನದು ಅಂತ ಗೊತ್ತಾದದ್ದು ಆಮೇಲೆ,
ಲೈಬ್ರರಿಯ ಅಟ್ಲಾಸು ನೋಡಿ.

ತಿಂಗಳ ಕೊನೆ, ಎಂಬತ್ತು ರೂಪಾಯಿ ವಸೂಲಿ.
ಹೊಸಮನೆ ಓಣಿಯಲ್ಲಿ ಸೆರಾಫಿನಾ ಬಾಯಿ,
ಬಾಗಿಲಲ್ಲೇ ಹೊಲಿಗೆ ಮೆಷಿನ್ನು, ತುಟಿಯಲ್ಲಿ ಗುಂಡುಸೂಜಿ:
"ನಲವತ್ಮೂರು ತೆಗೀಬೇಡ ಮಾರಾಯ.
ಅವಳತ್ತೆ ಜೈಲಿಗೆ ಹೋಗೋದು ನಾನು ನೋಡ್ಬೇಕು."
ಯಾರತ್ತೆ?
"ಅಯ್ಯೋ, ನಮ್ಮ ಗಿರಿಜೇದು."

ಗಿರಿಜೆ! ಕೆಂಪು ಕೂದಲು, ಕುದುರೆ ಸವಾರಿ,
ಉಣ್ಣಲು ಕೂತರೆ ಅಳು.
ಕಾರ್ಖಾನೆಯ ಸೈರನ್ನು ಕೂಗಿ ಗಂಡಸರು ಪಾಳಿಗೆ ಹೋದ ಮೇಲೆ
ಐದಾರು ಹೆಂಗಸರು ಸೇರಿ
ಅವಳಿಗೆ ಹೆಸರಿಟ್ಟರು, ತವರು ಕೊಟ್ಟರು,
ಗಂಡನ ಜೇಬು ತಡಕಿದರು.
ಅರ್ಥವಾಗದ ಕಡೆಯೆಲ್ಲ
ತಂತಮ್ಮ ಅರ್ಥ ಸುರಿದುಕೊಂಡರು.
ಹಮೀದಾಳ ಕತೆಯಲ್ಲಿ
ಮಗು ಸತ್ತಿರಲಿಲ್ಲ.

ನಾನೂ ಕೂತೆ ಒಂದು ಸಂಜೆ, ತೊಡೆಯ ಮೇಲೆ ರಸೀದಿ ಪುಸ್ತಕ.
ಅತ್ತೆ ಊಟದ ಹಲಗೆ ಗುದ್ದಿ ಅಂದಳು: ಮೇಸಾ.
ಬಾಯಿ ಪೆಡಲು ನಿಲ್ಲಿಸಿದಳು. "ಕೇಳಿಸ್ತಾ? ಮೇಜು!"
ಆ ವಾರವೇ ಕಮೀಸೂ ಸಿಕ್ಕಿತು.
ನಮ್ಮ ಮನೆಯ ಸಾಮಾನು ಅವರ ಬಾಯಿಗೆ ಹೋದದ್ದೋ,
ಅವರದೇ ನಮ್ಮಲ್ಲಿ ಉಳಿಯಿತೋ,
ಪಕ್ಕದ ಮನೆಯವರು ಸಾರು ಕೊಟ್ಟು
ಕೇಳುವುದು ಮರೆತ ಪಾತ್ರೆಯ ಹಾಗೆ.
"ಅಲಮಾರು ಒಂದು ಬರ್ಲಿ, ನೋಡ್ತೀನಿ" ಎಂದಳು ಬಾಯಿ.

ಹದಿನೈದು ದಿನಕ್ಕೆ ಆಫೀಸಿನ ಫೋನು.
"ಅಲಮಾರು ಬಂತು!" ಟಕ್ ಎಂದು ಇಟ್ಟಳು.
ವಿರೂಪಣ್ಣ ಮೆಟ್ಟಿಲಿಳಿದು ಬೀದಿ ನೋಡಿ ಬಂದ,
"ಎಲ್ಲೋ ಗಾಡಿ?"

ನನಗೆ ಮಾತ್ರ ಆ ನೀಲಿ ಕೋಟಿನವನೇ ಇಷ್ಟ.
ಯಾವುದೋ ಸಮುದ್ರದ ಮೂಲೆಗೆ ಕೈ ತೋರಿಸಿ
ನಾಳೆ ಅಲ್ಲಿ ಗಾಳಿ ಅನ್ನುವನು.
ನಾನು ಕಂಬ ಹತ್ತುವಾಗ
ಅಲ್ಲಿಯ ಮೀನುಗಾರರ ಬಗ್ಗೆ ಯೋಚಿಸುತ್ತಿದ್ದೆ,
ಸುಮ್ಮನೆ.

ಒಂದು ಸೋಮವಾರ ನಲವತ್ಮೂರು ಬರೀ ಕಪ್ಪು.
ಡಿಶ್ಶು ಸರಿಯಿತ್ತು, ವಯರು ಸರಿಯಿತ್ತು, ಕೋತಿಯೂ ಇರಲಿಲ್ಲ.
ಮೇಲೆಲ್ಲೋ ಯಾರೋ ಬೀಗ ಜಡಿದಿದ್ದರು,
ಚಾವಿಗೆ ಡಾಲರಿನಲ್ಲಿ ಬಾಡಿಗೆಯಂತೆ.
ವಿರೂಪಣ್ಣ ಅಲ್ಲಿ ಪಾತ್ರೆ ಮಾರುವ ಚಾನೆಲ್ಲು ಕೂರಿಸಿದ.

ವಸೂಲಿಗೆ ಹೋಗಲು ಕಾಲೇಳಲಿಲ್ಲ. ಹೋದೆ.
ಹಮೀದಾ ಹಣ ಎಣಿಸಿ ಕೊಟ್ಟಳು, ಏನೂ ಕೇಳಲಿಲ್ಲ.
ಬಾಯಿ ಕೇಳಿದಳು:
"ಮೇಲೆ ಹತ್ತೋನು ನೀನಲ್ವಾ, ನಿಂಗೆ ಕಂಡಿರುತ್ತೆ. ಏನಾಯ್ತು?"
ರಸೀದಿ ಹರಿಯುತ್ತ ಅಂದೆ:
ಹೋದಳು ಬಾಯಿ, ಜೈಲಿಗೆ.
"ಎಷ್ಟು ವರ್ಷ?"
ಏಳು.
ದಾರ ಹಲ್ಲಲ್ಲಿ ಕಡಿದು, ಬಟ್ಟೆಯ ಮಗ್ಗುಲು ತಿರುಗಿಸಿ,
ಬಹಳ ಹೊತ್ತು ಯೋಚಿಸಿ ಅಂದಳು,
"ಕಮ್ಮಿ ಆಯ್ತು."